ಚಿಮಣಿ ಎಣ್ಣೆಯಲ್ಲಿ ತೊಳೆದ ರಬ್ಬರು

ಎಮ್ಮೆ ಕೊಟ್ಟು ಕಾರು ತಂದವಳು ಅಂತ ನಮ್ಮ ಊರು ಯಂಕಂಚಿಯಲ್ಲಿ ನನಗೆ ಹೆಸರು ಬಿದ್ದಿತ್ತು. ಅದು ಸುಳ್ಳೇನಲ್ಲ.

ಎಪ್ಪತ್ತಾರನೇ ಇಸವಿ ಇರಬೇಕು. ಕಣ್ಣು ತೋರಿಸಲಿಕ್ಕೆ ಅಂತ ಇಂಡಿಗೆ ಹೋಗಿದ್ದೆ. ಡಾಕ್ಟರರ ಹಿತ್ತಲಿನಲ್ಲಿ ಬೇವಿನ ಗಿಡದ ಕೆಳಗೆ ಆ ಕಾರು ನಿಂತಿತ್ತು. ಎರಡೇ ಬಾಗಿಲು, ಉದ್ದ ಮೂತಿ, ಹಿಂದಕ್ಕೆ ಇಳಿದ ಮಾಡು, ಸೈಕಲ್ಲಿಗೆ ಇದ್ದಂಥ ಕಡ್ಡಿಯ ಗಾಲಿ. ಇಬ್ಬರು ಕೂಡಬಹುದು, ಮೂರನೆಯವರು ಕೂಡಬೇಕಂದರೆ ಮೈ ಮಡಚಿಕೊಳ್ಳಬೇಕು. ವಿಲಾಯತಿ ಓಟದ ಗಾಡಿಯಂತೆ, ಡಾಕ್ಟರು ಹರೆಯದಲ್ಲಿ ಸೊಲ್ಲಾಪುರದಿಂದ ತಂದಿದ್ದರಂತೆ. ಈಗ ಸೀಟಿನೊಳಗೆ ಇಲಿ ಮರಿ ಹಾಕಿತ್ತು.

"ಇದನ್ನ ಏನ್ ಮಾಡ್ತೀರಿ ಡಾಕ್ಟರ್ರ?" ಅಂತ ಕೇಳಿದೆ.

"ಗುಜರಿಗೆ ಹಾಕಬೇಕವಾ. ಆ ಜಾಗಾದಾಗ ಎಮ್ಮಿ ಕಟ್ಟೂಣು ಅಂತಾಳ ನಮ್ಮಾಕಿ."

"ಎಮ್ಮಿ ನಾ ಕೊಡ್ತೇನಿ. ಕಾರ್ ನನಗ ಕೊಡ್ರಿ."

ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಕಾರು ನನಗೆ ಯಾಕೆ ಬೇಕಿತ್ತು ಅಂದರೆ ಯಾಕೂ ಬೇಕಿರಲಿಲ್ಲ. ನಾನು ಮೂರನೇ ಇಯತ್ತೆ ಕಲಿತವಳು. ನಮ್ಮಪ್ಪ ಎಂಜಿನ್ ರಿಪೇರಿ ಮಾಡುತ್ತಿದ್ದ, ಅವನ ಹಿಂದೆ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಬೆಳೆದೆ. ಮದುವೆಯಾದ ಮೇಲೆ ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿ ನಾನೇ ನಡೆಸಿದೆ, ಮನೆಯವರು ಹೊಲ ನೋಡಿಕೊಂಡರು. ಗಿರಣಿ ಎಂಜಿನ್ ನಿಂತಲ್ಲೇ ತಿರುಗುತ್ತದೆ. ತಿರುಗಿ ತಿರುಗಿ ಎಲ್ಲಿಗೂ ಹೋಗುವುದಿಲ್ಲ. ಹೋಗುವ ಎಂಜಿನ್ ಒಂದನ್ನು ನನ್ನ ಕೈಯಿಂದ ಎಬ್ಬಿಸಿ ನೋಡಬೇಕು ಅನ್ನುವ ಹುಚ್ಚು, ಅಷ್ಟೇ. ಗಂಡಸರು ಟಗರು ಸಾಕಿ ಕಾದಾಡಿಸುತ್ತಿದ್ದರು, ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಇಂಡಿಯಿಂದ ನಮ್ಮ ಊರಿಗೆ ಆ ಕಾರನ್ನು ನಮ್ಮ ಎತ್ತುಗಳೇ ಎಳೆದು ತಂದವು. ಮುಂದೆ ಹಗ್ಗ ಕಟ್ಟಿ ಮನೆಯವರು ಎತ್ತು ಹೊಡೆದರು, ನಾನು ಒಳಗೆ ಕೂತು ಸ್ಟೇರಿಂಗ್ ಹಿಡಿದಿದ್ದೆ. ಎರಡು ದಿನ ಹಿಡಿಯಿತು. ದಾರಿಯುದ್ದಕ್ಕೂ ಮಂದಿ ನಿಂತು ನೋಡಿದರು. ಸಿಂದಗಿ ದಾಟುವಾಗ ಒಬ್ಬ ಮುದುಕ, "ಏನ್ರೀ ಗೌಡ್ರ, ಈ ಆಕಳಾ ಕಣಿಕಿ ತಿಂತೈತೋ ಇಲ್ಲೋ?" ಅಂದ. ಮನೆಯವರು, "ಎಮ್ಮಿ ತಿಂದು ಕುಂತೈತ್ರಿ. ಇನ್ನ ಒಂದ್ ವಾರ ಏನೂ ಬೇಡಂಗಿಲ್ಲ," ಅಂದರು. ಅವರು ಹಾಗೇ. ಬೈಯುವುದಿಲ್ಲ, ಚುಚ್ಚುತ್ತಾರೆ.

ಗಿರಣಿಯ ಪಕ್ಕದ ತಗಡಿನ ಚಪ್ಪರದಲ್ಲಿ ಕಾರು ನಿಲ್ಲಿಸಿದೆ. ಬೆಳಿಗ್ಗೆ ಹಿಟ್ಟು ಬೀಸುವುದು, ಮಧ್ಯಾಹ್ನ ಗಿರಣಿ ಬಂದಾದ ಮೇಲೆ ಕಾರು. ಎಂಜಿನ್ ಪೂರಾ ಜಾಮ್ ಆಗಿತ್ತು. ಪ್ಲಗ್ಗು ಬಿಚ್ಚಿ ನಾಲ್ಕೂ ತೂತಿಗೆ ದೀಪಕ್ಕೆ ಹಾಕುವ ಚಿಮಣಿ ಎಣ್ಣೆ ಮತ್ತು ಎಂಜಿನ್ ಎಣ್ಣೆ ಕೂಡಿಸಿ ಹಾಕಿದೆ. ಐದು ದಿನ ಬಿಟ್ಟೆ. ಆರನೇ ದಿನ ಗೇರಿನಲ್ಲಿ ಇಟ್ಟು ಹಿಂದೆ ಮುಂದೆ ಜಗ್ಗಿದಾಗ ಒಳಗೆ ಕಟ್ ಅಂದಿತು. ಹೊಟ್ಟೆಯಲ್ಲಿ ಕೂಸು ಒದ್ದ ಹಾಗೆ ಅನಿಸಿತು. ಖುಷಿಗೆ ಅವತ್ತು ಅನ್ನ ಸೇರಲಿಲ್ಲ.

ಎಂಜಿನ್ನಿನ ತಲೆ ಇಳಿಸಿ ಒಳಗೆ ಕಟ್ಟಿದ್ದ ಮಸಿ ಕೆರೆದೆ. ಗಿರಣಿ ಎಂಜಿನ್ನಿಗೆ ಎರಡು ವಾಲ್ವು, ಇದಕ್ಕೆ ಎಂಟು. ಒಂದೊಂದಕ್ಕೂ ತೀಡುವ ಮಸಾಲೆ ಹಚ್ಚಿ, ವಾಲ್ವಿನ ಕಡ್ಡಿಯನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ಮಜ್ಜಿಗೆ ಕಡೆದ ಹಾಗೆ ತೀಡಬೇಕು. ದಿನಕ್ಕೆ ಒಂದೇ ವಾಲ್ವು ಆಗುತ್ತಿತ್ತು. ತೀಡಿದ ಮೇಲೆ ಮೇಲಿನಿಂದ ಚಿಮಣಿ ಎಣ್ಣೆ ಹಾಕಿ ಕಾಯಬೇಕು. ಒಂದು ಹನಿ ಕೆಳಗೆ ಸೋರಿದರೂ ಮತ್ತೆ ಮೊದಲಿಂದ. ತುಕ್ಕು ಬಿಡಿಸಲಿಕ್ಕೆ ಚಿಮಣಿ ಎಣ್ಣೆ, ಸೋರಿಕೆ ನೋಡಲಿಕ್ಕೆ ಚಿಮಣಿ ಎಣ್ಣೆ, ತೊಳೆಯಲಿಕ್ಕೆ ಚಿಮಣಿ ಎಣ್ಣೆ. "ತೊಳಿಲಾರದ ಸಾಮಾನ ಒಳಗ ಹಾಕಬ್ಯಾಡ" ಅಂತ ನಮ್ಮಪ್ಪ ಹೇಳುತ್ತಿದ್ದ. ಅದೊಂದು ಮಾತು ನಾನು ಎಂದೂ ಮುರಿದವಳಲ್ಲ. ಮುರಿದಿದ್ದರೆ ಚಲೋ ಆಗುತ್ತಿತ್ತು.

ಸೀಟಿಗೆ ಹತ್ತಿ ತುಂಬಿ ಹಳೇ ಸೀರೆಯ ಕೌದಿ ಹೊಲಿದು ಹಾಕಿದೆ. ಮಡ್‌ಗಾರ್ಡನ್ನು ಕಮ್ಮಾರ ಬಡಿದು ಕೊಟ್ಟ. ಆದರೆ ಪೆಟ್ರೋಲ್ ಎಂಜಿನ್ನಿನ ಕಿಡಿ ನನಗೆ ಗೊತ್ತಿರಲಿಲ್ಲ, ಎಣ್ಣೆ ಬ್ರೇಕಂತೂ ಕಂಡೇ ಇರಲಿಲ್ಲ. ಗಿರಣಿಗೆಲ್ಲಿಯ ಬ್ರೇಕು?

ಅದಕ್ಕೇ ಸಿಂದಗಿಯ ಮಿಸ್ತ್ರಿ ಕಾಕಾನನ್ನು ಕರೆದೆ. ಸಂಬಂಧ ಏನೂ ಇಲ್ಲ, ಎಲ್ಲರೂ ಕಾಕಾ ಅನ್ನುತ್ತಿದ್ದರು. ಐವತ್ತು ದಾಟಿತ್ತು. ಬ್ರೇಕಿನ ಕೆಲಸಕ್ಕೆ ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಲಾರಿಯವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾಕಾ ಬ್ರೇಕ್ ಮಾಡಿದ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುತ್ತದೆ ಅಂತ ಮಾತು. ಅವನಿಗೆ ಇದ್ದದ್ದು ಎರಡು ಎಕರೆ ಹೊಲ, ಒಂದು ಜೋಡಿ ಎತ್ತು, ಮತ್ತು ಆ ಹೆಸರು.

ಕಾರು ನೋಡಿ ಸುತ್ತು ಹಾಕಿದ. ವಾಲ್ವು ನೋಡಿದ. "ಯಾರ ತೀಡ್ಯಾರ?" ಅಂದ.

"ನಾನ್ರಿ ಕಾಕಾ."

"ಹೂಂ. ಓಡಸೂದು ಯಾರರ ಮಾಡ್ತಾರ ತಂಗಿ. ನಿಂದ್ರಸೂದು ಬ್ಯಾರೆ ಕೆಲಸ."

ಕಿಡಿ ಹಾಯಿಸುವುದನ್ನು ಕಲಿಸಿದ. ಎಂಜಿನ್ ಎದ್ದ ದಿನ ಓಣಿಯ ಮಂದಿಯೆಲ್ಲ ಬಂದಿತ್ತು. ಬ್ರೇಕಿನ ಸಾಮಾನಿಗೆ ತಾನೇ ಸೊಲ್ಲಾಪುರಕ್ಕೆ ಹೋದ, ಹಳೇ ರಬ್ಬರಿನ ಅಳತೆ ಹಿಡಿದು ಹೊಸವು ತಂದ. ಗಾಲಿಯ ಹತ್ತಿರ ಒಂದೊಂದು ಸಣ್ಣ ಸಿಲಿಂಡರು ಇರುತ್ತದೆ. ಬ್ರೇಕು ತುಳಿದರೆ ಪೈಪಿನೊಳಗಿನ ಎಣ್ಣೆ ಅಲ್ಲಿಯ ರಬ್ಬರನ್ನು ನೂಕಬೇಕು, ಬಿಟ್ಟರೆ ರಬ್ಬರು ಹಿಂದೆ ಸರಿಯಬೇಕು. ಬಟ್ಟಲಿನ ಆಕಾರದ ಆ ರಬ್ಬರಿನ ಮೇಲೆ ಎಲ್ಲ ನಿಂತಿದೆ. ಇದನ್ನೆಲ್ಲ ನನಗೆ ಹೇಳಿದವನು ಅವನೇ. ಹೊಸ ರಬ್ಬರು ಕಟ್ಟಿದ್ದ ಪುಡಿಕೆ ನನ್ನ ಕೈಗೆ ಕೊಟ್ಟು, "ನಾ ಮಂಗಳವಾರ ಬರ್ತೇನಿ. ಅಲ್ಲೀತನಾ ಬಿಚ್ಚಬ್ಯಾಡ," ಅಂದ.

ನಾನು ಮರುದಿನವೇ ಬಿಚ್ಚಿದೆ.

ನೋಡಬೇಕು ಅಂತ ಬಿಚ್ಚಿದೆ, ಬೇರೆ ಕಾರಣ ಇಲ್ಲ. ರಬ್ಬರಿನ ಮೇಲೆಲ್ಲ ಬಿಳೀ ಪುಡಿ ಇತ್ತು. ಗಿರಣಿಯವಳಿಗೆ ಬಿಳೀ ಪುಡಿ ಕಂಡರೆ ಏನು ಅನಿಸುತ್ತದೆ? ಹಿಟ್ಟು. ನಮ್ಮ ಮನೆಯಲ್ಲಿ ದೇವರ ಪಟದ ಮೇಲೂ ಹಿಟ್ಟು, ನೀರಿನ ಗಡಿಗೆಯ ಮೇಲೂ ಹಿಟ್ಟು. ಪುಡಿಕೆಯೊಳಗೂ ಹೊಕ್ಕಿತು ಹಾಳಾದದ್ದು ಅಂದುಕೊಂಡೆ. ಅದು ರಬ್ಬರು ಅಂಟಬಾರದು ಅಂತ ಮಾಡಿದವರೇ ಹಾಕಿದ ಪುಡಿ. ನನಗೇನು ಗೊತ್ತು. ಬೋಗುಣಿಗೆ ಚಿಮಣಿ ಎಣ್ಣೆ ಹಾಕಿ ಎಲ್ಲಾ ರಬ್ಬರು ಅದರಲ್ಲಿ ನೆನೆಯಲಿಕ್ಕೆ ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ಪೈಪಿನೊಳಗೂ ಅದನ್ನೇ ಹಾಕಿ ಊದಿ ಸ್ವಚ್ಛ ಮಾಡಿದೆ. ಸಂಜೆ ತೆಗೆದಾಗ ರಬ್ಬರು ಕೈಗೆ ಸ್ವಲ್ಪ ಮೆತ್ತಗೆ ಹತ್ತಿದವು, ನೆನೆಸಿದ ಕಡಲೆಯ ಹಾಗೆ. ನೆರಳಲ್ಲಿ ಆರಿಸಿದೆ. ಮಂಗಳವಾರದ ಹೊತ್ತಿಗೆ ಮೊದಲಿನಂತೆ ಕಂಡವು. ಪುಡಿಕೆಯಲ್ಲಿಟ್ಟು ಕಟ್ಟಿದೆ.

ಕಾಕಾ ಬಂದ. ಪುಡಿಕೆ ಬಿಚ್ಚಿದವನು ಒಂದು ರಬ್ಬರನ್ನು ಹೆಬ್ಬೆರಳಿನಿಂದ ತಿಕ್ಕಿದ.

"ಇದರ ಪುಡಿ ಎಲ್ಲಿ ಹೋತು? ತೊಳದಿ ಏನು?"

ಬಿಚ್ಚಬೇಡ ಅಂದಿದ್ದ. ಬಿಚ್ಚಿದ್ದೆ. ಅಷ್ಟಕ್ಕೇ ನಾಚಿಕೆಯಾಯಿತು. ಓಣಿಯ ನಾಲ್ಕು ಮಂದಿ ನಿಂತಿದ್ದರು, ಅವರ ಮುಂದೆ ಬೈಸಿಕೊಳ್ಳುವುದು ಬೇಡ ಅನಿಸಿತು.

"ಇಲ್ರಿ ಕಾಕಾ. ಹಿಟ್ಟು ಕುಂತಿತ್ತು, ಒಣಾ ಅರಿವೀಲೆ ಒರಸೇನಿ ಅಷ್ಟ."

ನನ್ನ ಮುಖ ನೋಡಿದ, ನಂಬಿದ. ವಾಲ್ವು ಅಷ್ಟು ಚೆಂದ ತೀಡಿದವಳು ಸುಳ್ಳು ಹೇಳುತ್ತಾಳೆ ಅಂತ ಯಾಕೆ ಅನಿಸಬೇಕು ಅವನಿಗೆ? ಕೂಡಿಸಿದ, ಬ್ರೇಕಿನ ಎಣ್ಣೆ ತುಂಬಿದ, ಪೈಪಿನೊಳಗಿನ ಗಾಳಿ ತೆಗೆದ. ಊರ ಸುತ್ತ ಒಂದು ಸುತ್ತು ಹಾಕಿ ಬಂದ. ಹೇಳಿದ ಗೆರೆಯ ಮೇಲೆ ನಿಂತಿತು ಗಾಡಿ.

ಹತ್ತು ದಿನ ಚಲೋ ನಡೆಯಿತು. ಹನ್ನೊಂದನೇ ದಿನ ಕಾಕಾ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತು ಗೇರು ನೋಡಿ ಕಲಿಯುತ್ತಿದ್ದೆ. ಸಿಂದಗಿಯಿಂದ ಹಿಂದಿರುಗುತ್ತಿದ್ದೆವು.

"ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ ತಂಗಿ," ಅಂದ.

ನಮ್ಮ ಊರ ಹಳ್ಳಕ್ಕೆ ಇಳಿಯುವ ಇಳುಕಲು ಬಂತು. ಎದುರಿಗೆ ಜೋಳದ ದಂಟಿನ ಕಣಿಕೆ ಹೇರಿದ ಬಂಡಿ ಏರುತ್ತಿತ್ತು. ಕಾಕಾ ಬ್ರೇಕು ತುಳಿದ. ನಾಲ್ಕು ಗಾಲಿ ಹಿಡಿಯಬೇಕಾದದ್ದು, ಬಲಗಡೆಯ ಮುಂದಿನ ಒಂದೇ ಗಾಲಿ ಕಚ್ಚಿ ಹಿಡಿಯಿತು. ಗಾಡಿ ಬಲಕ್ಕೆ ಸೆಳೆದುಕೊಂಡು ಹೋಯಿತು. ಕಾಕಾ ಸ್ಟೇರಿಂಗಿನ ಮೇಲೆ ಮೈಯೆಲ್ಲ ಹಾಕಿ ಎಡಕ್ಕೆ ಎಳೆದ. ಬಂಡಿಯವನು ಹಾರಿದ. ಹೊರಗಡೆಯ ಎತ್ತಿನ ಮುಂಗಾಲಿಗೆ ಕಾರಿನ ಮೂತಿ ಬಡಿಯಿತು, ಕಾಲು ಮುರಿಯಿತು.

ಎತ್ತು ಮೊದಲು ಕೂಗಲಿಲ್ಲ. ನೊಗ ಮುರಿದ ಸಪ್ಪಳ ಆದ ಮೇಲೆ ಕೂಗಿತು.

ಮಂದಿ ಕೂಡಿತು. ಬಂಡಿಯವನು ಎತ್ತಿನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ, ಅದೇ ಕೆಟ್ಟದ್ದು. "ಕಾಕಾ, ಬ್ರೇಕ್ ನೀನ ಮಾಡಿದ್ದೆಲ್ಲ?" ಅಂದ.

"ಹೌದಪಾ. ನನ್ನ ಕೈಲೆ ಮಾಡಿದ್ದ."

"ಹಂಗಾದ್ರ ಹ್ಯಾಂಗ?"

ಕಾಕಾ ಬಗ್ಗಿ ಗಾಲಿ ನೋಡಿದ. ಕಾರಣ ನನಗೂ ಆ ಹೊತ್ತಿಗೆ ಪೂರಾ ಗೊತ್ತಿರಲಿಲ್ಲ, ಆದರೆ ಬೋಗುಣಿಯ ಚಿಮಣಿ ಎಣ್ಣೆ ನೆನಪಾಯಿತು.

ಮರುದಿನ ಕಾಕಾ ತನ್ನ ಜೋಡಿಯಲ್ಲಿ ಒಂದು ಎತ್ತು ಹಿಡಿದುಕೊಂಡು ಬಂದು ಬಂಡಿಯವನ ಅಂಗಳದಲ್ಲಿ ಕಟ್ಟಿದ. ಪಂಚರು ಹೇಳಿರಲಿಲ್ಲ, ತಾನೇ ತಂದ. ಗಾಡಿ ನಮ್ಮದು, ಎತ್ತು ನಾವು ಕೊಡುತ್ತೇವೆ ಅಂತ ಮನೆಯವರು ಅಂದರು. ಕಾಕಾ ಒಪ್ಪಲಿಲ್ಲ. "ಗಾಡಿ ನಿಮ್ದು. ಬ್ರೇಕ್ ನಂದು," ಅಂದ.

ಆಮೇಲೆ ಚಪ್ಪರಕ್ಕೆ ಬಂದು ಗಾಲಿ ಬಿಚ್ಚಿದ. ನಾನು ಪಾನಾ ಕೊಡುತ್ತಾ ಕೂತಿದ್ದೆ. ಸಿಲಿಂಡರಿನಿಂದ ರಬ್ಬರು ಬರಲೇ ಒಲ್ಲದು. ಕೊನೆಗೆ ಹೊರಗೆ ಬಂದಾಗ ಅಣಬೆಯ ತಲೆಯಂತೆ ಉಬ್ಬಿತ್ತು, ಹಿಂದೆ ಸರಿಯಲಾರದೆ ಗಾಲಿಯನ್ನು ಹಿಡಿದುಕೊಂಡೇ ಇತ್ತು. ಕಾಕಾ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಸೊಲ್ಲಾಪುರದಾಂವ ಕೆಟ್ಟ ಮಾಲ್ ಕೊಟ್ಟಾನ. ಇಲ್ಲಾ ನನ್ನ ಕಣ್ಣ ಹೋಗ್ಯಾವ ತಂಗಿ. ಮೊದ್ಲ ನನಗ ಕಾಣಬೇಕಾಗಿತ್ತು."

ಹೇಳಬೇಕಾದ ಹೊತ್ತು ಅದೇ. ನಾನು ಪಾನಾ ಒರೆಸುತ್ತಾ ಕೂತೆ.

ಅವನು ಹೋದ ಮೇಲೆ, ಕಾರಿನಲ್ಲಿ ಮೊದಲು ಇದ್ದ ಹಳೇ ರಬ್ಬರು ಎರಡು ಉಳಿದಿದ್ದವು, ಅವನ್ನು ತೆಗೆದುಕೊಂಡೆ. ಬ್ರೇಕಿನ ಎಣ್ಣೆಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ ಕೂಡಿಸುತ್ತಾರೆ ಅಂತ ಕಾಕಾ ಹೇಳಿದ್ದ, ಅದಕ್ಕೆ ಒಂದನ್ನು ಔಡಲ ಎಣ್ಣೆಯ ಬಟ್ಟಲಲ್ಲಿ ಹಾಕಿದೆ, ಇನ್ನೊಂದನ್ನು ಚಿಮಣಿ ಎಣ್ಣೆಯಲ್ಲಿ. ಹಾಕುವ ಮೊದಲು ಎರಡರ ಸುತ್ತಲೂ ದಾರ ಸುತ್ತಿ ಅಳತೆಗೆ ಗಂಟು ಹಾಕಿಟ್ಟೆ. ದಿನಾ ತೆಗೆದು ನೋಡುತ್ತಿದ್ದೆ. ಔಡಲ ಎಣ್ಣೆಯದು ಇದ್ದ ಹಾಗೇ ಇತ್ತು. ಚಿಮಣಿ ಎಣ್ಣೆಯದಕ್ಕೆ ಮೂರನೇ ದಿನ ದಾರದ ಗಂಟು ಗಂಟಿಗೆ ಕೂಡಲಿಲ್ಲ. ನಡುವೆ ಒಂದು ಬೆರಳಿನ ಸಂದಿ ಬಿತ್ತು. ಅಷ್ಟು ಸಾಕಾಯಿತು.

ತಿಳಿದ ಮೇಲೂ ಬಿತ್ತಿಗೆಯಿಂದ ಸುಗ್ಗಿಯವರೆಗೆ ಬಾಯಿ ಬಿಡಲಿಲ್ಲ. ಅದಕ್ಕೆ ನೆಪ ಬಹಳ ಇದ್ದವು. ಹೇಳಿದರೆ ಎತ್ತಿನ ಕಾಲು ಕೂಡುತ್ತದೇನು? ಎಮ್ಮೆ ಕೊಟ್ಟು ಕಾರು ತಂದವಳು, ಈಗ ಎತ್ತಿನ ಕಾಲೂ ಮುರಿದವಳು ಅಂತ ಆಗುತ್ತದೆ. ಹೆಂಗಸಿನ ಕೈಗೆ ಪಾನಾ ಯಾರು ಕೊಟ್ಟರು ಅನ್ನುತ್ತಾರೆ. ಹೀಗೆ ದಿನಾ ಒಂದು.

ಅಷ್ಟರಲ್ಲಿ ಲಾರಿಯವರು ಕಾಕಾನ ಅಂಗಡಿ ಬಿಟ್ಟು ಮುಂದೆ ಹೋಗತೊಡಗಿದರು. ಒಂಟಿ ಎತ್ತು ಇಟ್ಟುಕೊಂಡವನು ಮಂದಿಯ ಕೈಕಾಲು ಹಿಡಿದು ಅವರ ಎತ್ತಿನ ಜೊತೆ ಹೂಡಬೇಕು, ಅವರ ಹೊಲ ಮುಗಿದ ಮೇಲೆ ತನ್ನದು. ಅವನ ಬಿತ್ತಿಗೆ ಹದ ತಪ್ಪಿತು. ಇದೆಲ್ಲ ನನಗೆ ಎಲ್ಲಿ ಗೊತ್ತಾಯಿತು ಅಂದರೆ ನನ್ನ ಗಿರಣಿಯಲ್ಲೇ. ಹಿಟ್ಟಿಗೆ ಸರತಿ ನಿಂತವರಿಗೆ ಇನ್ನೇನು ಕೆಲಸ? "ಕಾಕಾನ ಕೈ ಹೋತಂತ." "ಕಣ್ಣೂ ಮಂಜಂತ." "ಬ್ರೇಕಿಗೆ ಕೊಡಬ್ಯಾಡ್ರಿ ಅವಗ, ಜೀವಾ ಹೋದೀತು." ನಾನು ಕಲ್ಲಿಗೆ ಕಾಳು ಬಿಡುತ್ತಾ ಕೇಳುತ್ತಿದ್ದೆ.

ಸಜ್ಜೆಯ ಸುಗ್ಗಿಯಲ್ಲಿ ಒಂದು ಸೋಮವಾರ ಗಿರಣಿ ಬಂದ್ ಮಾಡಿ ಬಸ್ಸು ಹತ್ತಿ ಸಿಂದಗಿಗೆ ಹೋದೆ. ಕಾಕಾ ಅಂಗಡಿಯಲ್ಲಿ ಸೈಕಲ್ ಪಂಚರ್ ತಿದ್ದುತ್ತಿದ್ದ. ಲಾರಿಯ ಬ್ರೇಕು ಮಾಡಿದ ಕೈ. ನಿಂತುಕೊಂಡೇ ಹೇಳಿದೆ. ಪುಡಿಕೆ ಬಿಚ್ಚಿದ್ದು, ಚಿಮಣಿ ಎಣ್ಣೆ, ಪೈಪು ಊದಿದ್ದು, ಸುಳ್ಳು, ದಾರದ ಗಂಟು. ಅಳಲಿಲ್ಲ. ಅಳುವ ಹಕ್ಕು ನನಗಿರಲಿಲ್ಲ.

ಕಾಕಾ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಲೇ ಇದ್ದ. ತಲೆ ಎತ್ತದೇ ಅಂದ:

"ನನಗ ಯಾಕ ಹೇಳಾಕ ಬಂದಿ? ನನ್ನ ಹೆಸರು ನನ್ನ ಅಂಗಡ್ಯಾಗ ಕೆಟ್ಟಿಲ್ಲ. ನಿನ್ನ ಗಿರಣ್ಯಾಗ ಕೆಟ್ಟೈತಿ. ಅಲ್ಲಿ ಹೇಳು."

ಹೂಂ ಅಂದು ಬಂದೆ.

ಮರುದಿನ ಬೆಳಿಗ್ಗೆ ಹೇಳಿದೆ ಕೂಡ. ಹತ್ತು ಹನ್ನೆರಡು ಹೆಂಗಸರು, ಇಬ್ಬರು ಮುದುಕರು ಸರತಿಯಲ್ಲಿದ್ದರು. ಎಂಜಿನ್ ಡಬಡಬ ಅನ್ನುತ್ತಿತ್ತು, ಬೆಲ್ಟಿನ ಪಟ್ಟಾ ಬಡಿಯುತ್ತಿತ್ತು, ಕಲ್ಲು ಗರಗರ ತಿರುಗುತ್ತಿತ್ತು. ಆ ಸಪ್ಪಳದಲ್ಲಿ ನಿಂತು, "ಕಾಕಾಂದು ತಪ್ಪಿಲ್ಲರಿ, ರಬ್ಬರ್ ಕೆಡಸಿದಾಕಿ ನಾನು," ಅಂದೆ. ಹತ್ತಿರ ನಿಂತವಳು, "ಹಾಂ? ಹಿಟ್ಟ ದಪ್ಪ ಆತೇನ?" ಅಂದಳು. "ಏನಿಲ್ಲ ಬಿಡು," ಅಂದೆ. ಹೇಳಿದೆನಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಅದು ಎರಡನೇ ಸುಳ್ಳು, ಮೊದಲಿನದಕ್ಕಿಂತ ಕೆಟ್ಟದ್ದು. ಮೊದಲಿನದು ಬಾಯಿ ತಪ್ಪಿ ಬಂತು, ಇದನ್ನು ನಾನು ಅಳತೆ ಮಾಡಿ ಹೇಳಿದ್ದೆ.

ಗುರುವಾರ ಕಾಕಾ ಒಂದು ಚೀಲ ಜೋಳ ಹೊತ್ತುಕೊಂಡು ನಮ್ಮ ಗಿರಣಿಗೇ ಬಂದ. ಸಿಂದಗಿಯಲ್ಲಿ ಗಿರಣಿ ಇರಲಿಲ್ಲವೇ? ನಾನು ಹೇಳಿದೆನೋ ಇಲ್ಲವೋ ನೋಡಲಿಕ್ಕೇ ಬಂದಿದ್ದ. ಸರತಿಯಲ್ಲಿ ಕಡೆಗೆ ನಿಂತ. ಅವನನ್ನು ಕಂಡು ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಏನೋ ಅಂದರು. ಒಬ್ಬ ಮುದುಕ ಜೋರಾಗಿಯೇ ಕೂಗಿದ, "ಏನ್ ಕಾಕಾ, ನಡಕೋತ ಬಂದ್ಯೋ? ಚಲೋ ಆತು ಬಿಡು, ಕಾಲಿಗೆ ಬ್ರೇಕ್ ಬೇಕಾಗಿಲ್ಲ!" ಎಲ್ಲರೂ ನಕ್ಕರು.

ಕಾಕಾ ನನ್ನ ಕಡೆ ನೋಡಿದ. ನನ್ನ ಕಿವಿಯ ಹತ್ತಿರ ಬಂದು, "ಇವರಿಗೆ ಹೇಳೇನಿ ಅಂತೀ ಏನ?" ಅಂದ.

ನಾನು ಎಂಜಿನ್ ಕಡೆ ನೋಡಿದೆ. ಅವನೂ ನೋಡಿದ. ಎಂಜಿನ್ ಕೆಲಸದಲ್ಲೇ ಮುದುಕನಾದವನು, ಆ ಸಪ್ಪಳದಲ್ಲಿ ಹೇಳಿದ್ದೆ ಅಂತ ಅವನಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಚೀಲ ಮತ್ತೆ ಹೆಗಲಿಗೆ ಏರಿಸಿದ, ಬಾಗಿಲ ಕಡೆ ತಿರುಗಿದ.

ಕಲ್ಲಿನೊಳಗೆ ಕಾಳಿರುವಾಗ ಎಂಜಿನ್ ನಿಲ್ಲಿಸಬಾರದು. ಕಲ್ಲು ಕಚ್ಚಿಕೊಳ್ಳುತ್ತದೆ, ಮೇಲಿನ ಕಲ್ಲು ಎತ್ತಿ ಕೆರೆಯಲಿಕ್ಕೆ ಅರ್ಧ ದಿನ ಬೇಕು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಡೀಸೆಲ್ಲಿನ ಹಿಡಿ ಎಳೆದೆ. ಎಂಜಿನ್ ಎರಡು ಸಲ ಕೆಮ್ಮಿತು, ಪಟ್ಟಾ ಸಡಿಲಾಯಿತು, ಕಲ್ಲು ಗಕ್ಕನೆ ನಿಂತಿತು. ಹಾಡಹಗಲು ನಮ್ಮ ಗಿರಣಿ ಅಷ್ಟು ಸುಮ್ಮನಾದದ್ದನ್ನು ಯಾರೂ ಕೇಳಿರಲಿಲ್ಲ. ಹೊರಗೆ ಕೋಳಿ ಕೆದರುವುದು ಕೇಳಿಸಿತು.

"ಏ, ನನ್ನ ಹಿಟ್ಟ!" ಅಂದಳು ಒಬ್ಬಳು.

"ಹಿಟ್ಟಿರ್ಲಿ. ನನ್ನ ಮಾತ ಕೇಳ್ರಿ," ಅಂದೆ. ಎಲ್ಲಾ ಹೇಳಿದೆ. ಕಾಕಾ ಬಿಚ್ಚಬೇಡ ಅಂದದ್ದು, ನಾನು ಬಿಚ್ಚಿದ್ದು, ತೊಳೆದದ್ದು, ತೊಳೆದಿಲ್ಲ ಅಂದದ್ದು. ಎತ್ತಿನ ಕಾಲು ಮುರಿದದ್ದು ನನ್ನ ಕೈ, ಕಾಕಾನ ಕೈಯಲ್ಲ ಅಂದೆ. ದಾರ ತಂದು ಗಂಟು ತೋರಿಸಿದೆ. ನಗೆಯಾಡಿದ್ದ ಮುದುಕ ದಾರವನ್ನು ಕೈಗೆ ತೆಗೆದುಕೊಂಡು ನೋಡಿದ.

"ಸುಗ್ಗೀತನಾ ಬಾಯಾಗ ಏನ ಇಟಗೊಂಡಿದ್ದಿ?" ಅಂತ ಕೇಳಿದ. ಕಚ್ಚಿಕೊಂಡ ಕಲ್ಲು ಎತ್ತಿ ಕೆರೆಯಲಿಕ್ಕೆ ಕೂತೆ.

ಅವತ್ತೇ ಸಂಜೆ ನಮ್ಮ ಜೋಡಿಯಲ್ಲಿ ಚಲೋದನ್ನು ಆರಿಸಿ ಕಾಕಾನ ಮನೆಗೆ ಹೊಡೆದುಕೊಂಡು ಹೋಗಿರಿ ಅಂತ ಮನೆಯವರಿಗೆ ಹೇಳಿದೆ. ಅವರು ಎತ್ತಿನ ಕಣ್ಣಿ ಬಿಚ್ಚುತ್ತಾ ಉಳಿದ ಎತ್ತನ್ನು ನೋಡಿದರು, ಚಪ್ಪರದ ಕಾರು ನೋಡಿದರು. "ಇನ್ನ ಇದರ ಜೋಡಿ ನಿನ್ನ ಕಾರ್ ಹೂಡ್ಲೇನು?" ಅಂದರು. ಆ ವರ್ಷ ನಮ್ಮ ಹೊಲವೂ ಮಂದಿಯ ಎತ್ತಿಗೆ ಕಾದು ತಡವಾಯಿತು. ಕಾಕಾನ ಹಳೇ ಎತ್ತಿಗೂ ನಮ್ಮದಕ್ಕೂ ಹೆಜ್ಜೆ ಕೂಡಲಿಲ್ಲವಂತೆ, ಒಂದು ಜಗ್ಗಿದರೆ ಒಂದು ನಿಲ್ಲುತ್ತಿತ್ತಂತೆ. ಮುರಿದ ಜೋಡಿ ಮುರಿದದ್ದೇ.

ಯುಗಾದಿ ಕಳೆದ ಮೇಲೆ ಒಂದು ದಿನ ಕಾಕಾ ತಾನಾಗೇ ಬಂದ. ಕೈಯಲ್ಲಿ ಹೊಸ ಪುಡಿಕೆ. ಲಾರಿಯವರು ಒಬ್ಬೊಬ್ಬರಾಗಿ ಹಿಂದಿರುಗುತ್ತಿದ್ದರಂತೆ, ಎಲ್ಲರೂ ಅಲ್ಲ. "ಅರ್ಧಾ ಕೆಲಸ ಬಿಟ್ಟು ರೂಢಿ ಇಲ್ಲ ನನಗ," ಅಂದ, ಕಾರಿನ ಗಾಲಿ ಬಿಚ್ಚಿದ. ಪೈಪು ಎಲ್ಲ ಹೊಸವು ಹಾಕಿದ. ರಬ್ಬರು ಎತ್ತಿಕೊಡಲಿಕ್ಕೆ ನಾನು ಪಕ್ಕದಲ್ಲಿ ಕೂತೆ.

"ಕೈ ಮುಂದ ಮಾಡು," ಅಂದ.

ಎರಡೂ ಕೈ ಚಾಚಿದೆ. ಮುಟ್ಟಲಿಲ್ಲ. ಬಗ್ಗಿ ಮೂಸಿ ನೋಡಿದ. ಸಾಬೂನು ಹಚ್ಚಿ ತೊಳೆದು ಬಂದಿದ್ದೆ. ಆಮೇಲೆ ಪುಡಿಕೆ ಕೊಟ್ಟ. ಒಂದೊಂದು ಗಾಲಿ ಮುಗಿದು ಮತ್ತೊಂದಕ್ಕೆ ಹೋಗುವಾಗಲೂ, "ಕೈ," ಅನ್ನುತ್ತಿದ್ದ. ನಾಲ್ಕು ಗಾಲಿಗೆ ನಾಲ್ಕು ಸಲ ಚಾಚಿದೆ. ಚಹಾ ತಂದಿಟ್ಟೆ, ಕುಡಿಯಲಿಲ್ಲ, ಆರಿ ಹೋಯಿತು.

ಮುಗಿದ ಮೇಲೆ ನನ್ನನ್ನೇ ಸ್ಟೇರಿಂಗಿಗೆ ಕೂಡಿಸಿದ. ತಾನು ಪಕ್ಕದಲ್ಲಿ, ಕೌದಿಯ ಸೀಟಿನ ಮೇಲೆ. ಹಳ್ಳದ ಇಳುಕಲಿಗೆ ನಡಿ ಅಂದ. ಇಳುಕಲಿನ ನಡುವೆ, ಎತ್ತು ಬಿದ್ದ ಜಾಗದ ಹತ್ತಿರ, "ಹಿಡಿ," ಅಂದ. ತುಳಿದೆ. ಗಾಡಿ ಆ ಕಡೆ ಈ ಕಡೆ ಸರಿಯದೆ ನೆಟ್ಟಗೆ ನಿಂತಿತು.

ಕಾಕಾ ಇಳಿದ. ನಾಲ್ಕು ಗಾಲಿಯನ್ನೂ ಅಂಗೈಯಿಂದ ಮುಟ್ಟಿ ಬಿಸಿ ನೋಡಿದ. ಪಾನಾದ ಚೀಲ ಹೆಗಲಿಗೆ ಹಾಕಿಕೊಂಡ.

"ಕಾಕಾ, ಕೂಡ್ರಿ. ಸಿಂದಗೀತನಾ ಬಿಡ್ತೇನ್ರಿ."

"ಬ್ಯಾಡ. ಬಸ್ ಬರ್ತೈತಿ."

ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏರು ಹತ್ತಿ ನಡೆದು ಹೋದ. ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದೆ, ಅವನು ಕಾಣದಾಗುವವರೆಗೆ.